ಒಣಗರಿಯೆಂದು ಕಿತ್ತದ್ದು

ಆ ದಿನ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ. ತಿಪಟೂರಿನ ಕೊಬ್ಬರಿ ಅಂಗಡಿಯೊಂದರ ಮಹಡಿಯಲ್ಲಿ ನಾವು ಮೂವರು ಸೇರಿ, ತೆಂಗಿನ ರೋಗಕ್ಕೆ ಸಲಹೆ ಕೊಡುವ ಆ್ಯಪ್ ಕಟ್ಟುತ್ತಿದ್ದೆವು. ಒಬ್ಬೊಬ್ಬರೂ ಬೇರೆಯಾಗಿ ಬರೆದಿಡುವ ಕೋಡಿನ ಕವಲಿಗೆ, ಅಂದರೆ ಬ್ರಾಂಚಿಗೆ, ನಮ್ಮಲ್ಲಿ ‘ಗರಿ’ ಎಂದೇ ಹೆಸರು. ತೆಂಗಿಗೆ ಕೊಂಬೆ ಎಲ್ಲಿಂದ ಬರಬೇಕು?

ಆ ಹೆಸರೇ ನನ್ನ ತಲೆ ಕೆಡಿಸಿತು. ನಮ್ಮ ಕಡೆ ತೋಟದಲ್ಲಿ ಒಣಗರಿ ಜೋತಾಡುತ್ತಿದ್ದರೆ ಯಜಮಾನ ಸೋಮಾರಿ ಎಂದೇ ಅರ್ಥ. ಮೂವರ ಕೋಡೂ ಸೇರುವ ಸರ್ವರಿನಲ್ಲಿ ಮೂರು ತಿಂಗಳಿಂದ ಯಾರೂ ಮುಟ್ಟದ ಗರಿಗಳನ್ನು ಕಂಡು ಮೈ ಪರಚಿಕೊಳ್ಳುವಂತಾಯಿತು. ಯಾರದೆಂದೂ ನೋಡದೆ ಅಳಿಸಿದೆ. ಆದರೂ ನನ್ನ ಕಂಪ್ಯೂಟರಿನ ಪಟ್ಟಿಯಲ್ಲಿ ಅವು ಹಾಗೇ ಇದ್ದವು. ಸರ್ವರಿನಲ್ಲಿ ಗರಿ ಹೋದರೂ, ಕೊನೆಯ ಸಲ ಕಂಡ ಅದರ ಗುರುತನ್ನು, ಒಳಗಿನ ಕೋಡಿನ ಸಮೇತ, ನಮ್ಮ ನಮ್ಮ ಕಂಪ್ಯೂಟರು ಇಟ್ಟುಕೊಂಡೇ ಇರುತ್ತದೆ. ಆ ಹಳೇ ಗುರುತುಗಳನ್ನು ಸವರಿ ಹಾಕುವ ‘ಪ್ರೂನ್’ ಮಾಡಿದರಷ್ಟೇ ತೊಲಗುತ್ತದೆ. ಮಾಡಿದೆ. ಮಿಕ್ಕ ಕಸವನ್ನೂ ಬಳಿದು ಹಾಕಿದೆ.

ನಮ್ಮ ಮೂವರಲ್ಲೊಬ್ಬ, ಆಗ ದಬ್ಬೇಘಟ್ಟದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೆಳೆಯನಿಗೂ ಫೋನಿನಲ್ಲಿ ಉಗಿದೆ.

“ಥೂ, ತಿಪ್ಪೆ ಮಾಡ್ಕಂಡಿದ್ದೀಯ. ಪ್ರೂನ್ ಮಾಡ್ಬುಡ್ಲಾ.”

“ಹೂಂ ಬುಡು, ಮಾಡ್ತೀನಿ” ಎಂದ.

ವಾರ ಕಳೆದು, ನಮ್ಮ ಮೂರನೆಯವರು ಬಾಣಂತನ ಮುಗಿಸಿ ತುರುವೇಕೆರೆಯ ತವರಿನಿಂದ ಬಂದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಓದಲು ಬಾರದ ರೈತರಿಗೆ ಸಲಹೆಯನ್ನು ನಮ್ಮ ಸೀಮೆಯ ಮಾತಿನಲ್ಲೇ ಓದಿ ಹೇಳುವ ಭಾಗ ಅವರದು. ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅದನ್ನು ಬರೆದು, ತಮ್ಮದೊಂದು ಗರಿಯಾಗಿ ಸರ್ವರಿಗೆ ಕಳಿಸಿ ಹೆರಿಗೆಗೆ ಹೋಗಿದ್ದರು. ಅವರು ಬಿಟ್ಟುಹೋದ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿದ ಪುಣ್ಯಾತ್ಮನೂ ನಾನೇ.

“ನನ್ ಗರಿ ಎಲ್ಲಪ್ಪಾ, ಕಾಣ್ತಾನೇ ಇಲ್ಲ?”

ಸರ್ವರಿನಲ್ಲಿಲ್ಲ, ನನ್ನಲ್ಲಿಲ್ಲ, ಅವರ ಲ್ಯಾಪ್‌ಟಾಪಿನಲ್ಲೂ ಇಲ್ಲ. ದಬ್ಬೇಘಟ್ಟಕ್ಕೆ ಫೋನ್ ಮಾಡಿದೆ.

“ಪ್ರೂನ್ ಮಾಡಿದ್ಯೇನ್ಲಾ?”

“ನಿನ್ ಕಾಟಕ್ಕೆ ಹೂಂ ಅಂದೆ ಅಷ್ಟೇ. ಇನ್ನೂ ಮಾಡಿಲ್ಲ ಕಣ್ಲಾ, ಬೈಬೇಡ.”

“ಮುಟ್ಬೇಡ! ದಮ್ಮಯ್ಯ, ಏನೂ ಮುಟ್ಬೇಡ!”

ಅವನು ತನ್ನ ಪಟ್ಟಿಯಲ್ಲಿ ಉಳಿದಿದ್ದ ಆ ಗುರುತಿನಿಂದಲೇ ಗರಿಯನ್ನು ಮತ್ತೆ ತೆಗೆದು ಸರ್ವರಿಗೆ ಕಳಿಸಿದ. ಒಂದು ಸಾಲೂ ಹಾಳಾಗಿರಲಿಲ್ಲ.

“ಸಿಕ್ತಲ್ಲ ಅಕ್ಕಾ” ಎಂದು ಹಲ್ಲು ಕಿರಿದೆ. ಕ್ಷಮಿಸಿ ಅನ್ನುವುದು ಬಿಟ್ಟು ಹಲ್ಲು ಕಿರಿದೆ, ನಾಚಿಕೆಗೆಟ್ಟವನು.

ಅಕ್ಕ ನಗಲಿಲ್ಲ.

“ಒಂದ್ ಫೋನ್ ಮಾಡಿ ಕೇಳಕ್ಕೇನಾಗಿತ್ತು? ಹೆತ್ತಿದ್ದೆ ಕಣಪ್ಪ, ಸತ್ತಿರ್ಲಿಲ್ಲ.”