ಎದುರಾಬದುರಾ ಕೂತು ಉಂಡ ಊಟ

ಮದುವೆಯಾದ ಒಂಬತ್ತು ವರ್ಷಕ್ಕೆ ನನ್ನ ಹೆಂಡತಿ ಒಂದೇ ಒಂದು ಬೇಡಿಕೆ ಇಟ್ಟಳು. "ಒಮ್ಮೆರ ಇಬ್ಬರ ಎದುರಾಬದುರಾ ಕುಂತು ಉಣ್ಣೂಣ್ರಿ." ಬಂಗಾರ ಕೇಳಿದ್ದರೆ ಸುಲಭವಿತ್ತು. ಬೆಟಗೇರಿಯ ನಮ್ಮ ಮನೆಯಲ್ಲಿ ಹನ್ನೊಂದು ಮಂದಿ. ಮೊದಲು ಗಂಡಸರು, ಮಕ್ಕಳು ಉಣ್ಣಬೇಕು. ಕೊನೆಗೆ ಸೊಸೆಯಂದಿರು, ಅದೂ ಅಡುಗೆಮನೆಯಲ್ಲಿ. ಅವಳು ಉಣ್ಣುವ ಹೊತ್ತಿಗೆ ನಾನು ಎಲೆ ಅಡಿಕೆ ಮೆಲ್ಲುತ್ತ ಕಟ್ಟೆಯ ಮೇಲಿರುತ್ತೇನೆ.

ಅಂತೂ ಒಂದು ಸಂಜೆ ಸಿಕ್ಕಿತು. ಮನೆಮಂದಿಯೆಲ್ಲ ನೆಂಟರೊಬ್ಬರ ಮದುವೆ ನಿಶ್ಚಯದ ಊಟಕ್ಕೆಂದು ಲಕ್ಷ್ಮೇಶ್ವರಕ್ಕೆ ಹೊರಟರು. ನಾನು ರಜೆ ಸಿಗಲಿಲ್ಲ ಎಂದೆ, ಅವಳು ತಲೆನೋವು ಎಂದಳು. ಎಂಟೂವರೆಗೆ ಅವರು ವಾಪಸ್ ಬರುವವರು. ಅಷ್ಟರೊಳಗೆ ಅವಳು ನನ್ನೆದುರು ಕೂತು ಉಂಡಿರಬೇಕು.

ಇಂಥ ಊಟ ಹೇಗೆ ಮಾಡಬೇಕೆಂದು ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದೆ. ಬಾಗಿಲು ಹಾಕಬೇಕು, ಲೈಟು ಆರಿಸಬೇಕು, ಮೇಣದಬತ್ತಿ ಹಚ್ಚಬೇಕು. ಅಡುಗೆ ಗಂಡನೇ ಮಾಡಬೇಕಂತೆ! ಆಗಲಿ ಎಂದು ಅವಳನ್ನು ಪಡಸಾಲೆಯಲ್ಲಿ ಕೂಡಿಸಿ ಎರಡು ತಾಸು ಒಲೆ ಮುಂದೆ ಬೆವರು ಸುರಿಸಿದೆ. ರೊಟ್ಟಿ ಮಾತ್ರ ಖಾನಾವಳಿಯಿಂದ ತಂದೆ. ಅದನ್ನು ಬಡಿಯುವಷ್ಟು ಧೈರ್ಯ ನನಗಿಲ್ಲ.

ಏಳು ಗಂಟೆಗೆ ಬಾಗಿಲು ಹಾಕಿ ಲೈಟು ಆರಿಸಿದೆ. ಅಲ್ಲೇ ನಾನು ಎಡವಿದ್ದು. ನಮ್ಮ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ತಲಬಾಗಿಲು ಮುಚ್ಚುವುದಿಲ್ಲ; ಲಕ್ಷ್ಮಿ ಬರುವ ಹೊತ್ತದು. ಬಾಗಿಲು ಹಾಕಿದ ಮನೆಯೊಳಗೆ ಕತ್ತಲೂ ಇದ್ದರೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಅವಳು ತಾಟಿಗೆ ಕೈ ಹಚ್ಚುವಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು.

"ಏನಾತ್ರವಾ? ಯಾರಿಗೇನಾತು? ಬಾಗಲಾ ತಗೀರಿ!"

ತೆಗೆದರೆ ಎದುರುಮನೆಯ ಅಜ್ಜಿ. ಅವಳ ಹಿಂದೆ ಆರೇಳು ಮಂದಿ. ಪಕ್ಕದ ಮನೆಯ ಟೇಲರ್ ಸಾಹೇಬರು ಟೆಸ್ಟರ್ ಹಿಡಿದು ಸೀದಾ ಒಳಗೆ ಬಂದು ಸ್ವಿಚ್ ಒತ್ತಿದರು. ಲೈಟು ಹತ್ತಿತು. "ಫ್ಯೂಸ್ ಚಲೋನ ಐತಲ್ರಿ! ಮತ್ಯಾಕ ಮೇಣಬತ್ತಿ?" ಇನ್ನೊಬ್ಬರು ಆಗಲೇ ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಲು ಹೊರಟಿದ್ದರು. ನನ್ನ ಹೆಂಡತಿಯೋ, ಬಂದವರಿಗೆ ಚಹಾ ಇಡಲು ಎದ್ದೇಬಿಟ್ಟಳು! ನನ್ನ ತಲೆ ಕೆಟ್ಟುಹೋಯಿತು.

"ಕುಂಡ್ರು! ಇವತ್ತ ನೀ ಏಳಂಗಿಲ್ಲ!" ಎಂದು ಒದರಿದೆ. "ಯಾರಿಗೂ ಏನೂ ಆಗಿಲ್ರಿ. ನನ್ನ ಹೇಣ್ತಿ ಜೋಡಿ ಕುಂತು ಉಣ್ಣಾಕ ಹತ್ತೇನಿ. ಅಷ್ಟ!"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯ ನಿನ್ನ! ಅದಕ್ಕ ಯಾರರ ಮನಿ ಕತ್ತಲ ಮಾಡ್ತಾರೇನೋ? ಬಾಗಲಾ ತಗದಿರಲಿ. ಯಾರೂ ಒಳಗ ಬರದಂಗ ನಾ ನೋಡ್ಕೋತೀನಿ" ಎಂದು ಎಲ್ಲರನ್ನೂ ಹೊರಗಟ್ಟಿ, ನಮಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಳು. ಉಳಿದವರೂ ಮನೆಗೆ ಹೋಗಲಿಲ್ಲ. ಬೀದಿಯತ್ತ ಮುಖ ಮಾಡಿ ಸಾಲಾಗಿ ಕೂತರು. ಎಂಟು ಬೆನ್ನುಗಳ ಕಾವಲಿನಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಮ್ಮ ಪ್ರಣಯದ ಊಟ ಶುರುವಾಯಿತು.

ಅವಳು ರೊಟ್ಟಿ ಮುರಿದಳು. ಮೊಸರು, ಶೇಂಗಾ ಚಟ್ನಿ ಕಲಸಿಕೊಂಡಳು. ನಾನು ಕೈ ಸುಟ್ಟುಕೊಂಡು ಮಾಡಿದ ಬದನೆಕಾಯಿ ಎಣ್ಣೆಗಾಯಿಯನ್ನು ಮಾತ್ರ ಮೆಲ್ಲಗೆ ತಾಟಿನ ಅಂಚಿಗೆ ಸರಿಸಿದಳು.

"ಯಾಕ, ಉಪ್ಪು ಹೆಚ್ಚಾತೇನು?"

"ಇಲ್ರಿ. ನಾ ಬದನಿಕಾಯಿ ತಿನ್ನಂಗಿಲ್ಲ."

"ಯಾವಾಗಿಂದ?"

"ಸಣ್ಣಾಕಿ ಇದ್ದಾಗಿಂದ."

ವಾರಕ್ಕೆರಡು ಸಲ ಇದನ್ನೇ ಮಾಡಿ ಬಡಿಸಿದವಳು! ಅವಳಿಗೂ ಅದು ಪಂಚಪ್ರಾಣ ಎಂದುಕೊಂಡಿದ್ದೆ. ನಾಚಿಕೆಯಿಂದ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟೆ.

"ಒಂಬತ್ತ ವರ್ಷದಾಗ ಒಮ್ಮೆರ ಹೇಳಬಾರದೇನ?"

"ನಾ ಉಣ್ಣೂದು ನೀವು ನೋಡೇ ಇಲ್ಲಲ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಅವಳ ತಾಟಿನ ಬದನೆಕಾಯಿಯನ್ನು ಎತ್ತಿ ನನ್ನ ತಾಟಿಗೆ ಹಾಕಿಕೊಂಡೆ. ಮತ್ತೇನೇನು ತಿನ್ನುವುದಿಲ್ಲ ಹೇಳು ಎಂದೆ. ಅವಳು ಎಡಗೈ ಬೆರಳು ಮಡಿಚುತ್ತ ಹೇಳತೊಡಗಿದಳು. ಐದು ಬೆರಳು ಸಾಲಲಿಲ್ಲ.