ವಸ್ತ್ರದ ಕೆಳಗಿನ ಕೈ

ಗೆಳೆಯರೇ, ಬ್ಯಾಡಗಿ ಪೇಟೆಯಲ್ಲಿ ಇವತ್ತು ನನ್ನ ಹೊಟ್ಟೆ ಉರಿಸಿದ್ದು ಮೆಣಸಿನಕಾಯಿಯಲ್ಲ. ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಸ್ತ್ರದ ಕೆಳಗೆ ಕೈ ಹಿಡಿದು ಬೆರಳಲ್ಲೇ ಕುದುರಿಸುತ್ತೇವೆ. ರಾಣೆಬೆನ್ನೂರಿನ ವ್ಯಾಪಾರಿ ಶಿವಪ್ಪ ಗುತ್ತಲದ ಗೌಡರ ಜತೆ ಹಾಗೇ ದರ ಮುಗಿಸಿದ. ಕೈ ಮಾತ್ರ ಬಿಡಲಿಲ್ಲ.

"ಕಾಕಾ, ನಿಮ್ಮ ಗಂಗವ್ವನ್ನ ನನಗ ಕೊಡ್ರಿ."

ಗೌಡರು ದಂಗಾದರು. ಚಕ್ಕಡಿಯಲ್ಲಿ ಕುಳಿತಿದ್ದ ಮಗಳೇ ಹೇಳಿದಳು: "ಹೂಂ ಅನ್ನು ಅಪ್ಪಾ. ಕೇಳಂತ ನಾನ ಹೇಳೇನಿ."

ಗೌಡರು ಒಪ್ಪಿದರು; ಮಹಾಯುದ್ಧದ ದೆಸೆಯಿಂದ ಸಕ್ಕರೆ ಸಿಗದೆ ಎಲ್ಲರಿಗೂ ಬೆಲ್ಲ ಹಂಚಿದರು. ನನಗೂ ಕೊಟ್ಟರು. ನುಂಗಿದೆ.

ಗೌಡರ ಆ ಕೈಯನ್ನು ಪ್ರತಿ ಸುಗ್ಗಿಯಲ್ಲೂ ನಾನೂ ಹಿಡಿದಿದ್ದೇನೆ. ಗಂಗವ್ವ ಆಗಲೂ ಅದೇ ಚಕ್ಕಡಿಯಲ್ಲಿ ಕುಳಿತಿರುತ್ತಿದ್ದಳು. ನಾನು ಕೇಳಿದ್ದು ಮೆಣಸಿನಕಾಯಿಯ ದರ ಮಾತ್ರ.