ನಿಂತ ನೀರಿಗೆ ಶಿಳ್ಳೆ ಹೊಡೆದವನು

ಲೋರಿಸ್‌ಗೆ ಊರಿನಲ್ಲಿ 'ನಿಂತ ನೀರಿನ ಪಾದ್ರಿ' ಎಂದೇ ಹೆಸರು. ಟೈಲ್ಸ್ ಕಾರ್ಖಾನೆಯ ಭಟ್ಟಿಯ ಮುಂದೆ ಆಯುಷ್ಯ ಸವೆಸಿ ನಿವೃತ್ತನಾದ ಮನುಷ್ಯ. ಚರ್ಚಿನ ಮೆಟ್ಟಿಲು ಹತ್ತುವುದು ಯಾರಾದರೂ ಸತ್ತಾಗ ಮಾತ್ರ. ಆದರೆ 'ನಿಂತ ನೀರು' ಎಂಬ ಆಲ್ಬಮ್ಮಿನ ಮಾತು ತೆಗೆದರೆ ಸಾಕು, ಎದುರಿನವರ ಕಾಫಿ ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ. ಅವರದೇ ಊರಿನ ರಾಕ್ ತಂಡ ಫೋರ್ನಾಚೆಯವರ ಆಲ್ಬಮ್ ಅದು. ತಲೆ ನರೆತರೂ ಹಾಡು ಬಿಡದ ತಂಡ. ಅವರ ಎಲ್ಲ ಹಾಡುಗಳೂ ಜನರ ಬಾಯಲ್ಲಿವೆ, ಇದೊಂದು ಆಲ್ಬಮ್ಮಿನವು ಬಿಟ್ಟು. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಅದರ ಪ್ರತಿ ಕಣ್ಣಿಗೆ ಬಿದ್ದರೆ ಲೋರಿಸ್ ಚೌಕಾಸಿ ಮಾಡದೆ ಕೊಂಡು, ಸಿಕ್ಕಿದ ಹರೆಯದವರ ಕೈಗೆ ತುರುಕುತ್ತಿದ್ದ. ನೀನು ಸತ್ತರೆ ಪೆಟ್ಟಿಗೆಗೂ ಅದನ್ನೇ ತುಂಬುತ್ತೇನೆ ಎಂದು ಹೆಂಡತಿ ಮಿರೆಲ್ಲಾ ಗೊಣಗುತ್ತಿದ್ದಳು.

ಇದು ಅಭಿಮಾನವಲ್ಲ, ಪ್ರಾಯಶ್ಚಿತ್ತ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು.

ಆಲ್ಬಮ್ ಹೊರಬಂದ ಬೇಸಿಗೆಯಲ್ಲಿ, ಊರ ಹಬ್ಬವಾದ ಫೆಸ್ತಾದಲ್ಲಿ ತಂಡ ಅದನ್ನು ಮೊದಲ ಸಲ ನುಡಿಸಿತ್ತು. ಹಾಡುಗಳನ್ನು ಕಟ್ಟಿದವನು ಕೀಬೋರ್ಡಿನ ಒತೆಲ್ಲೊ. ಎಲ್ಲವೂ ನಿಧಾನದವು, ಗಿಟಾರು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕುಣಿಯಲೆಂದು ಬಂದಿದ್ದ ಜನ ಮುಖ ಮುಖ ನೋಡಿಕೊಂಡರು. ಪಾಳಿ ಮುಗಿಸಿ ದಣಿದು ಬಂದು ಅಡುಗೆ ಡೇರೆಯ ಬಾಗಿಲಲ್ಲಿ ನಿಂತಿದ್ದ ಲೋರಿಸ್‌ಗೆ ರೇಗಿಹೋಯಿತು. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಆ ಸೀಮೆಯಲ್ಲಿ ಶಿಳ್ಳೆ ಮೆಚ್ಚುಗೆಯಲ್ಲ. ವೇದಿಕೆಯಿಂದ ಇಳಿ ಎಂದು ಹೇಳುವ ರೀತಿ. ಯಾರಾದರೂ ಶುರು ಮಾಡಲಿ ಎಂದೇ ಕಾದಿದ್ದವರಂತೆ ಇಡೀ ಮೈದಾನ ಶಿಳ್ಳೆ ಹೊಡೆಯಿತು. ತಂಡ ಹಾಡನ್ನು ಅರ್ಧಕ್ಕೆ ಬಿಟ್ಟು ಹಳೆಯದಕ್ಕೆ ಹೊರಳಿತು. ಚಳಿಗಾಲ ಬರುವುದರೊಳಗೆ ಒತೆಲ್ಲೊ ತಂಡವನ್ನೇ ಬಿಟ್ಟು ಟೈಲ್ಸ್ ಸಾಗಿಸುವ ಲಾರಿ ಓಡಿಸುವ ಕೆಲಸ ಹಿಡಿದ.

ಮುಂದಿನ ವರ್ಷ ಲೋರಿಸ್‌ನ ತಾಯಿ ಆಸ್ಪತ್ರೆ ಸೇರಿದಳು. ದಿನವೂ ಹೋಗಿಬರುವ ಕಾರಿನಲ್ಲಿ ಯಾರೋ ಮರೆತುಹೋಗಿದ್ದ 'ನಿಂತ ನೀರು' ಕ್ಯಾಸೆಟ್ಟಿತ್ತು. ಮೊದಲು ಬೇಸರ ಕಳೆಯಲು ಹಾಕಿದ, ಆಮೇಲೆ ಬಿಡಲಾಗದೆ ಹಾಕಿದ. ತಾಯಿ ಇನ್ನು ಉಳಿಯುವುದಿಲ್ಲ ಎಂದು ತಿಳಿದ ದಿನ, ಮಂಜು ಕವಿದ ರಸ್ತೆಯಲ್ಲಿ ಆ ಹಾಡುಗಳಷ್ಟೇ ಅವನ ಜೊತೆಗಿದ್ದವು. ನಾನು ಕೊಂದದ್ದು ಇದನ್ನೇ ಎಂದು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅತ್ತುಬಿಟ್ಟ.

ಮೊದಲ ಶಿಳ್ಳೆ ತನ್ನದೆಂದು ಒತೆಲ್ಲೊಗೆ ಹೇಳಬೇಕೆಂದುಕೊಂಡ. ಇವತ್ತು ಬೇಡ, ನಾಳೆ ಎನ್ನುವುದರಲ್ಲೇ ವರ್ಷಗಳು ಉರುಳಿದವು. ಫೆಸ್ತಾದ ಅಡುಗೆಗೆ ಊರಿನವರೇ ಪುಕ್ಕಟೆ ದುಡಿಯುವುದು ರೂಢಿ. ಅಲ್ಲಿ ಇಬ್ಬರೂ ಜೋಡಿಯಾದರು. ಒತೆಲ್ಲೊ ಹಿಟ್ಟು ಲಟ್ಟಿಸಿ ಕತ್ತರಿಸುವುದು, ಲೋರಿಸ್ ಆ ತುಂಡುಗಳನ್ನು ಹಂದಿಕೊಬ್ಬಿನ ಬಾಣಲೆಯಲ್ಲಿ ಪೂರಿಯಂತೆ ಉಬ್ಬುವ ನ್ಯೊಕ್ಕೊ ಆಗಿ ಕರಿಯುವುದು. ನನ್ನ ಹಾಡು ಹಿಡಿಸಿದ್ದು ಜಿಲ್ಲೆಗೆಲ್ಲ ಇವನೊಬ್ಬನಿಗೆ, ಕಿವಿಯಲ್ಲೇನೋ ದೋಷವಿರಬೇಕು ಎಂದು ಒತೆಲ್ಲೊ ಬಂದವರಿಗೆಲ್ಲ ಹೇಳಿ ನಗುವಾಗ, ಲೋರಿಸ್‌ಗೆ ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸುತ್ತಿತ್ತು.

ಈ ಸಲದ ಫೆಸ್ತಾಕ್ಕೆ ತಂಡ ಮತ್ತೆ ಬಂತು. ಲೋರಿಸ್ ಪಾದ್ರಿಯ ಬೋಧನೆ ಕೇಳಿ ಬೆಳೆದ ಹುಡುಗ ಹುಡುಗಿಯರು 'ನಿಂತ ನೀರು' ಬೇಕೇ ಬೇಕು ಎಂದು ಪಟ್ಟು ಹಿಡಿದಿದ್ದರು. ಸಂಜೆ ತಂಡದ ಹಾಡುಗಾರ ತಾನೇ ಡೇರೆಗೆ ಬಂದು, ಒಂದು ಹಾಡಿಗಾದರೂ ಮೇಲೆ ಬಾ ಎಂದು ಒತೆಲ್ಲೊನನ್ನು ಕೇಳಿಕೊಂಡ. ಒತೆಲ್ಲೊ ಇನ್ನೊಂದು ಉಂಡೆ ಹಿಟ್ಟು ತೆಗೆದು ಲಟ್ಟಿಸತೊಡಗಿದ.

ಅವನು ಹೋದ ಮೇಲೆ ಲೋರಿಸ್ ಮೆಲ್ಲಗೆ ಅಂದ, "ಹೋಗೋ ಮಾರಾಯ. ಈಗ ಯಾರೂ ಶಿಳ್ಳೆ ಹೊಡೆಯಲ್ಲ."

"ಹೊಡೀಲಿ ಬಿಡು, ಅದಕ್ಕಲ್ಲ. ಅವತ್ತು ಮೊದಲನೇದು ಈ ಡೇರೆ ಕಡೆಯಿಂದ ಬಂತು ನೋಡು, ಅದೊಂದು ಮರೆಯೋಕಾಗಿಲ್ಲ."

ಲೋರಿಸ್ ಜಾಲರಿ ಸೌಟನ್ನು ಕೆಳಗಿಟ್ಟ. "ಅದು ನಂದು, ಒತೆಲ್ಲೊ. ಮೊದಲು ಹೊಡೆದೋನು ನಾನೇ."

ಗೆಳೆತನ ಇವತ್ತಿಗೆ ಮುಗಿಯಿತು, ಬೈಗುಳವಾದರೂ ಬೀಳಲಿ, ಏಟಾದರೂ ಬೀಳಲಿ ಎಂದು ತಲೆ ತಗ್ಗಿಸಿ ಕಾದ. ಒತೆಲ್ಲೊ ಬೈಯಲಿಲ್ಲ.

"ನಾನು ಅದು ಅಪ್ಪಂದು ಅಂದ್ಕೊಂಡಿದ್ದೆ" ಎಂದ.

ಅವನ ಅಪ್ಪ ಅನ್ಸೆಲ್ಮೊ ಲೋರಿಸ್‌ನ ಜೊತೆಯಲ್ಲೇ ಭಟ್ಟಿಗೆ ಮೈಯೊಡ್ಡಿದವನು. ಮಗ ಕಾರ್ಖಾನೆ ಬಿಟ್ಟು ಸಂಗೀತಕ್ಕೆ ಬಿದ್ದು ಕೆಟ್ಟ ಎಂದು ಊರೆಲ್ಲ ದೂರಿದವನು. ಆ ದಿನ ಡೇರೆಯ ಬಾಗಿಲಲ್ಲಿ ಲೋರಿಸ್‌ನ ಪಕ್ಕದಲ್ಲೇ ನಿಂತಿದ್ದ. ಅಪ್ಪ ಮಗ ಮಾತು ಬಿಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಕೆಲಸ ಬಿಟ್ಟದ್ದರ ಸಿಟ್ಟು ಎಂದೇ ಲೋರಿಸ್ ತಿಳಿದಿದ್ದ. ಮುದುಕ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

"ನಾನಲ್ಲ ಕಣೋ ಅಂತ ಮನೆ ಬಾಗಿಲಿಗೆ ಬಂದು ಹೇಳ್ದ. ಮತ್ತೆ ಯಾರು ಹೇಳು ಅಂದೆ. ಬಾಯಿ ಬಿಡಲಿಲ್ಲ. ಸುಳ್ಳು ಹೇಳ್ತೀಯ ಅಂತ ಮುಖದ ಮೇಲೆ ಕದ ಹಾಕ್ದೆ" ಎಂದ ಒತೆಲ್ಲೊ.

ಜೊತೆಗೆ ದುಡಿದವನನ್ನು ಹಿಡಿದುಕೊಡುವ ಆಸಾಮಿಯಲ್ಲ ಅನ್ಸೆಲ್ಮೊ. ಭಟ್ಟಿಯ ಮುಂದೆ ನಿಂತವರ ಕಟ್ಟಳೆಯೇ ಅದು. ಆಮೇಲೂ ಎಷ್ಟೋ ಕಾಲ ಲೋರಿಸ್‌ನ ಪಕ್ಕದಲ್ಲೇ ನಿಂತು ದುಡಿದ, ತನ್ನ ಡಬ್ಬಿಯ ಸಾಸೇಜು ಹಂಚಿಕೊಂಡು ತಿಂದ, ಶಿಳ್ಳೆಯ ಮಾತು ಒಂದು ದಿನವೂ ಎತ್ತಲಿಲ್ಲ.

ಒತೆಲ್ಲೊ ಏಪ್ರನ್ ಬಿಚ್ಚಿ ಹಿಟ್ಟಿನ ಮೇಲೆ ಹಾಕಿ, ಡೇರೆಯ ಹಿಂಬದಿಯಿಂದ ಹೊರಬಿದ್ದು ಸ್ಮಶಾನದ ದಾರಿ ಹಿಡಿದ. ಅತ್ತ ಹಾಡುಗಾರ ಮೈಕಿನಲ್ಲಿ ಅವನ ಹೆಸರು ಕೂಗುತ್ತಿದ್ದ. ಮೈದಾನ ಚಪ್ಪಾಳೆ ತಟ್ಟುತ್ತ ಕಾಯುತ್ತಿತ್ತು. ಲೋರಿಸ್ ಅವನ ಹಿಂದೆ ಒಂದಷ್ಟು ದೂರ ಹೋದವನು ನಿಂತುಬಿಟ್ಟ. ಗೆಳೆಯನ ಎದುರು ಹೇಗೋ ಬಾಯಿ ಬಿಟ್ಟಿದ್ದ. ಆ ಮುದುಕನ ಎದುರು ನಿಲ್ಲುವ ಮುಖ ಅವನಿಗಿರಲಿಲ್ಲ.